ಹಿಗ್ಗುವ ನೆಲ, ಕರಗುವ ನೆಲ

ಬಾಗಲಕೋಟೆ, ವಿಜಯಪುರ, ಗದಗ, ಕಲಬುರಗಿಗಳ ಎರೆಸೀಮೆಯಲ್ಲಿ ಹೊಸದಾಗಿ ಕಟ್ಟಿಸಿದ ಮನೆಯ ಗೋಡೆ ಎರಡು ಮಳೆಗಾಲಗಳು ಕಳೆಯುವುದರೊಳಗೆ ಬಿರಿದರೆ, ಮನೆಯೊಡೆಯನು ಗೌಂಡಿಯನ್ನು ದೂರುವನು. ಗೌಂಡಿಯು ಸಿಮೆಂಟನ್ನು ದೂರುವನು. ಸಿಮೆಂಟು ಮಾರಿದವನು ಮರಳನ್ನೂ ನೀರನ್ನೂ ದೂರುವನು. ಮನೆಯಲ್ಲಿ ಹಿರಿಯರಾರಾದರೂ ಇದ್ದರೆ ಬಾಗಿಲಿನ ದಿಕ್ಕನ್ನು ಕುರಿತು ಒಂದು ಮಾತು ಆಡದೆ ಬಿಡರು. ಇಷ್ಟೆಲ್ಲ ದೂರುಗಳ ನಡುವೆ ನಿಜವಾದ ಕಾರಣವು ಬಹುಮಟ್ಟಿಗೆ ಹೆಸರಿಲ್ಲದೆ ಉಳಿದುಬಿಡುವುದು. ಏಕೆಂದರೆ ಅದು ಬೇರಾವುದೂ ಅಲ್ಲ, ಹಿಂಗಾರಿಯ ಬಿಳಿಜೋಳವನ್ನೂ ಕಡಲೆಯನ್ನೂ ಹತ್ತಿಯನ್ನೂ ಕೊಟ್ಟು ಆ ಸೀಮೆಯನ್ನು ತಲೆತಲಾಂತರದಿಂದ ಸಲಹುತ್ತ ಬಂದಿರುವ ಕರಿಯ ಮಣ್ಣೇ ಆಗಿದೆ. ಅನ್ನವಿಕ್ಕಿದ ಕೈ ಮನೆಯನ್ನು ಕೆಡವೀತೆಂದು ಶಂಕಿಸಲು ಮನಸ್ಸು ಒಪ್ಪುವುದಿಲ್ಲ.

ಪ್ರಕೃತಿಯ ಉತ್ಪಾತಗಳೆಂದು ನಾವು ಎಣಿಸುವುದು ಭೂಕಂಪ, ಜ್ವಾಲಾಮುಖಿ, ಚಂಡಮಾರುತ, ಪ್ರವಾಹ ಮುಂತಾದುವುಗಳನ್ನು. ಅಂದರೆ, ಒಂದು ದಿನದಲ್ಲಿ ನಡೆದು, ನಡೆದ ದಿನವನ್ನು ಲೋಕದ ನೆನಪಿನಲ್ಲಿ ಉಳಿಸಿಹೋಗುವ ಘಟನೆಗಳನ್ನು. ವರ್ಷಕ್ಕೆ ಒಂದು ಬೆರಳಿನಷ್ಟು ಮಾತ್ರ ಚಲಿಸಿ, ಯಾರನ್ನೂ ಕೊಲ್ಲದೆ, ಸದ್ದಿಲ್ಲದೆ ಸಾವಿರಾರು ಮನೆಗಳನ್ನು ಸೀಳಿಬಿಡುವ ಉಪದ್ರವಕ್ಕೆ ಆ ಪಟ್ಟಿಯಲ್ಲಿ ಸ್ಥಾನ ದೊರೆತಿಲ್ಲ. ಆದರೆ ಹಾನಿಯನ್ನು ಹಣದಲ್ಲಿ ಅಳೆಯುವುದಾದರೆ ಲೆಕ್ಕವೇ ಬೇರೆಯಾಗುತ್ತದೆ. 1973ರಲ್ಲಿ ಜೋನ್ಸ್ ಮತ್ತು ಹೋಲ್ಟ್ಸ್ ಎಂಬ ಇಬ್ಬರು ಎಂಜಿನಿಯರುಗಳು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹಿಗ್ಗುವ ಮಣ್ಣಿನಿಂದ ಮನೆ, ರಸ್ತೆ, ಕಟ್ಟಡಗಳಿಗೆ ಒದಗುವ ನಷ್ಟವು ವರ್ಷಕ್ಕೆ 230 ಕೋಟಿ ಡಾಲರಿಗೆ ಕಡಮೆಯಿಲ್ಲವೆಂದೂ, ಅದು ಪ್ರವಾಹ, ಸುಂಟರಗಾಳಿ, ಚಂಡಮಾರುತ, ಭೂಕಂಪಗಳೆಲ್ಲವೂ ಕೂಡಿ ಮಾಡುವ ಹಾನಿಯ ಇಮ್ಮಡಿಗಿಂತ ಹೆಚ್ಚೆಂದೂ ಅಂದಾಜು ಮಾಡಿದರು. ಅವರ ಲೇಖನಕ್ಕೆ ಎಂಜಿನಿಯರುಗಳ ವಲಯದಲ್ಲಿ ಮನ್ನಣೆ ದೊರೆಯಿತು. ಮನೆ ಕಟ್ಟಿಸುವ ಜನರ ಕಿವಿಗೆ ಅದು ಎಷ್ಟು ಮುಟ್ಟಿತೆಂಬುದು ಸಂದೇಹ.

ವೈಶಾಖದ ಬಿಸಿಲಿನಲ್ಲಿ ಬೆಳೆ ಕಿತ್ತ ಎರೆಹೊಲದಲ್ಲಿ ನಿಂತು ಕಾಲ ಕೆಳಗೆ ನೋಡಿದವರಿಗೆ ಈ ಮಣ್ಣಿನ ಸ್ವಭಾವವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ನೆಲವೆಲ್ಲ ಐದಾರು ಮೂಲೆಗಳ ತುಂಡುಗಳಾಗಿ ಒಡೆದಿರುತ್ತದೆ. ತುಂಡುಗಳ ನಡುವಣ ಬಿರುಕುಗಳು ಕೈ ಹೋಗುವಷ್ಟು ಅಗಲವಾಗಿ, ಒಂದು ಮೀಟರಿಗೂ ಮಿಕ್ಕು ಆಳವಾಗಿ ಇಳಿದಿರುವುದುಂಟು. ಗಾಳಿ ಬೀಸಿದಾಗ, ದನ ನಡೆದಾಗ ಮೇಲಿನ ಪುಡಿಮಣ್ಣೂ ಜೋಳದ ಕೂಳೆಯ ಚೂರುಗಳೂ ಆ ಬಿರುಕಿನೊಳಕ್ಕೆ ಉದುರುತ್ತಿರುತ್ತವೆ. ಮೊದಲ ಮಳೆಯ ನೀರು ಮೇಲ್ಮೈಯನ್ನು ನೆನೆಯಿಸುವುದಕ್ಕೆ ಮುನ್ನವೇ ಬಿರುಕುಗಳ ದಾರಿಯಿಂದ ಪಾತಾಳಕ್ಕಿಳಿದು ತಳದ ಮಣ್ಣನ್ನು ನೆನೆಯಿಸುತ್ತದೆ. ನೆನೆದ ತಳವು ಹಿಗ್ಗಿ ಬಿರುಕು ಮುಚ್ಚಿಕೊಳ್ಳಹೊರಟರೆ, ಮೇಲಿನಿಂದ ಬಿದ್ದ ಮಣ್ಣು ಅಲ್ಲಿ ಆಗಲೇ ಜಾಗ ಹಿಡಿದಿರುವುದರಿಂದ, ಅಕ್ಕಪಕ್ಕದ ಮಣ್ಣು ಬೇರೆ ದಾರಿಯಿಲ್ಲದೆ ಮೇಲಕ್ಕೆ ನೂಕಲ್ಪಡುತ್ತದೆ. ಹೀಗೆ ನೇಗಿಲಿಲ್ಲದೆಯೇ ಎರೆಭೂಮಿ ತನ್ನನ್ನು ತಾನು ಉತ್ತುಕೊಳ್ಳುವುದು. ಅದರ ಫಲವತ್ತತೆಯ ಒಂದು ಗುಟ್ಟು ಇದೇ. ಆ ಸೀಮೆಯಲ್ಲಿ ಬಾವಿ ತೋಡುವವರು ಕೆಲವು ಅಡಿಗಳ ಆಳದಲ್ಲಿ, ಯಾರೋ ಕೈಯಿಂದ ತೀಡಿ ನಯಗೊಳಿಸಿದರೋ ಎಂಬಂತೆ ಹೊಳೆಯುವ ಓರೆಯಾದ ಮಣ್ಣಿನ ಮುಖಗಳನ್ನು ಕಾಣುವರು. ಆ ಹೊಳಪು ಮಣ್ಣಿನ ಗಡ್ಡೆಗಳು ಒಂದರ ಮೇಲೊಂದು ಜಾರಿ ಜಾರಿ ಉಂಟಾದುದು. ರಸ್ತೆಯ ಬದಿಯ ಮೈಲಿಗಲ್ಲುಗಳೂ ಬೇಲಿಯ ಕಂಬಗಳೂ ವರ್ಷಗಳು ಕಳೆದಂತೆ ಅತ್ತಿತ್ತ ವಾಲಿ ನಿಲ್ಲುವುದಕ್ಕೂ ಇದೇ ಚಲನೆ ಕಾರಣ.

ಇದರ ಮೂಲವನ್ನು ಅರಸಿದರೆ ಬಹು ಹಿಂದಕ್ಕೆ ಹೋಗಬೇಕಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಪ್ರದೇಶದಲ್ಲಿ ನೆಲ ಸೀಳಿ ಹೊರಹರಿದ ಲಾವಾರಸವು ಪದರಪದರವಾಗಿ ಹೆಪ್ಪುಗಟ್ಟಿ ಕರಿಕಲ್ಲಾಯಿತು. ಆ ಕಲ್ಲು ಬಿಸಿಲು ಮಳೆಗಳಿಗೆ ಶಿಥಿಲವಾಗಿ ಈ ಮಣ್ಣಾಯಿತು. ಧಾರವಾಡ, ಬಳ್ಳಾರಿ, ರಾಯಚೂರುಗಳ ಕಡೆ ಬೇರೆ ಬಗೆಯ ಶಿಲೆಗಳಿಂದಲೂ, ಮಳೆ ಸಾಲದ ಮತ್ತು ನೀರು ಬಸಿದುಹೋಗದ ತಗ್ಗುಗಳಲ್ಲಿ, ಎರೆಮಣ್ಣು ಹುಟ್ಟಿದೆ. ಹೇಗೆ ಹುಟ್ಟಿದರೂ ಅದರ ಗುಣವನ್ನು ನಿರ್ಣಯಿಸುವುದು ಅದರಲ್ಲಿ ಅಡಗಿರುವ ಮೊಂಟ್‌ಮೊರಿಲೊನೈಟ್ ಎಂಬ ಖನಿಜ. ಸಿಲಿಕ ಮತ್ತು ಅಲ್ಯೂಮಿನಗಳಿಂದಾದ, ಮಿಲಿಮೀಟರಿನ ಹತ್ತುಲಕ್ಷದ ಒಂದು ಪಾಲಿನಷ್ಟು ಮಾತ್ರ ದಪ್ಪವಿರುವ ಪದರಗಳು ಇದರಲ್ಲಿ ಒಂದರ ಮೇಲೊಂದು ಅಟ್ಟಿಯಾಗಿವೆ. ಪದರಗಳ ಮೇಲೆ ಋಣ ವಿದ್ಯುದಂಶವಿದೆ. ಅದನ್ನು ಸರಿದೂಗಿಸಲು ನಡುವೆ ಸೋಡಿಯಂ, ಕ್ಯಾಲ್ಸಿಯಂ ಮೊದಲಾದ ಧಾತುಗಳ ಧನ ಅಯಾನುಗಳು ಸೇರಿಕೊಂಡಿವೆ. ನೀರು ಬಂದಿತೆಂದರೆ ಈ ಅಯಾನುಗಳು ಅದನ್ನು ತಮ್ಮ ಸುತ್ತ ಸೆಳೆದುಕೊಳ್ಳುವುವು, ಪದರಗಳು ಒಂದರಿಂದೊಂದು ದೂರ ಸರಿಯುವುವು. ಹೀಗೆ ನೀರು ಹಿಡಿಯಬಲ್ಲ ಮೇಲ್ಮೈ ಎಷ್ಟೆಂದರೆ, ಈ ಖನಿಜದ ಒಂದೇ ಒಂದು ಗ್ರಾಮಿನಲ್ಲಿ ಸುಮಾರು 800 ಚದರ ಮೀಟರು. ಮೂವತ್ತು-ನಲವತ್ತರ ಏಳು ನಿವೇಶನಗಳಷ್ಟು. ಮಸಾರಿ ಹೊಲದ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಎಂಬ ಖನಿಜದಲ್ಲಾದರೋ ಪದರಗಳು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಅವುಗಳ ನಡುವೆ ನೀರಿಗೆ ಪ್ರವೇಶವೇ ಇಲ್ಲ. ಒಂದೇ ಊರಿನ ಎರಡು ಓಣಿಗಳಲ್ಲಿ, ಒಬ್ಬನೇ ಗೌಂಡಿ ಕಟ್ಟಿದ ಎರಡು ಮನೆಗಳಲ್ಲಿ, ಒಂದು ಬಿರಿದು ಮತ್ತೊಂದು ನೆಟ್ಟಗೆ ನಿಂತಿರುವುದರ ರಹಸ್ಯ ಅನೇಕ ವೇಳೆ ಇಷ್ಟೇ ಆಗಿರುತ್ತದೆ.

ಈ ಹಿಗ್ಗನ್ನು ಅಳೆಯುವುದಕ್ಕೆ ಭಾರತೀಯ ಮಾನಕದಲ್ಲಿ ವಿಧಿಸಿರುವ ಪರೀಕ್ಷೆಯೊಂದು ಅತ್ಯಂತ ಸರಳವಾದುದು. ಸರಳವಾದುದರಿಂದಲೇ ನನಗೆ ಪ್ರಿಯವಾದುದು. ಒಣಗಿಸಿ ಸಣ್ಣ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಮುಗಳಂತೆ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕಿ, ಒಂದಕ್ಕೆ ಭಟ್ಟಿಯಿಳಿಸಿದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕದಡಿ, ಗಾಳಿಯ ಗುಳ್ಳೆಗಳು ಹೋಗುವಂತೆ ಮಾಡಿ, ಒಂದು ಹಗಲು ಒಂದು ಇರುಳು ಬಿಡುವುದು. ಸೀಮೆಎಣ್ಣೆಗೆ ಖನಿಜದ ಪದರಗಳ ನಡುವೆ ನುಗ್ಗುವ ಶಕ್ತಿ ಇಲ್ಲವಾದ್ದರಿಂದ ಅದರಲ್ಲಿ ಮಣ್ಣು ತನ್ನ ಸಹಜ ಗಾತ್ರದಲ್ಲಿಯೇ ತಳದಲ್ಲಿ ಕೂರುತ್ತದೆ; ನೀರಿನ ಕೊಳವೆಯಲ್ಲಿ ಅದೇ ಹತ್ತು ಗ್ರಾಮು ಉಬ್ಬಿಕೊಂಡು ಮೇಲೇರಿರುತ್ತದೆ. ಎರಡರ ಅಂತರವೇ ಆ ಮಣ್ಣಿನ ಹಿಗ್ಗಿನ ಅಳತೆ. ಕೆಂಪು ಮಣ್ಣಿನಲ್ಲಿ ಎರಡು ಕೊಳವೆಗಳೂ ಹೆಚ್ಚುಕಡಮೆ ಒಂದೇ ಮಟ್ಟ ತೋರಿದರೆ, ಎರೆಯಲ್ಲಿ ಭೇದವು ಬರಿಗಣ್ಣಿಗೆ ಎದ್ದು ಕಾಣುವುದು.

ಇನ್ನು ಮನೆ ಒಡೆಯುವ ಬಗೆಯನ್ನು ನೋಡೋಣ. ಕಟ್ಟಡದ ಕೆಲಸ ಸಾಮಾನ್ಯವಾಗಿ ಬೇಸಗೆಯಲ್ಲಿ ಆರಂಭವಾಗುವುದರಿಂದ ಬುನಾದಿಯನ್ನು ಒಣಗಿ ಕುಗ್ಗಿದ ಮಣ್ಣಿನ ಮೇಲೆ ಇರಿಸಿದಂತಾಗುತ್ತದೆ. ಮಳೆ ಬಂದಾಗ ಹೊರಗೋಡೆಗಳ ಬದಿಯ ಮಣ್ಣು ಮೊದಲು ನೆನೆದು, ಮನೆಯ ಮೂಲೆಗಳನ್ನು ಎತ್ತುತ್ತದೆ; ನಡುಮನೆಯ ಕೆಳಗಿನ ನೆಲ ಇನ್ನೂ ಒಣಗಿಯೇ ಇರುತ್ತದೆ. ಮತ್ತೆ ಬೇಸಗೆ ಬಂದಾಗ ಅದೇ ಮೂಲೆಗಳು ಕೆಳಗಿಳಿಯುತ್ತವೆ. ಇಷ್ಟರಲ್ಲಿ ಇನ್ನೊಂದು ವ್ಯಾಪಾರ ಮರೆಯಲ್ಲಿ ನಡೆದಿರುತ್ತದೆ. ಫರಸಿ ಹಾಸಿದ ಮೇಲೆ ಮನೆಯ ನಡುಭಾಗದ ಮಣ್ಣಿಗೆ ಬಿಸಿಲಿನ ಸಂಪರ್ಕ ತಪ್ಪಿಹೋಗಿ, ಕೆಳಗಿನಿಂದ ಏರಿಬರುವ ತೇವವು ಆರಿಹೋಗಲು ದಾರಿ ಕಾಣದೆ ಅಲ್ಲಿಯೇ ನಿಲ್ಲುತ್ತದೆ. ಮೂರು ನಾಲ್ಕು ವರ್ಷಗಳಲ್ಲಿ ನೆಲವು ನಡುವೆ ಗುಮ್ಮಟದಂತೆ ಮೇಲೆದ್ದು, ಶಹಾಬಾದಿನ ಕಲ್ಲುಗಳು ಸಂದು ಬಿಟ್ಟುಕೊಂಡು, ಒಳಬಾಗಿಲ ಚೌಕಟ್ಟು ಸೊಟ್ಟಗಾಗಿ, ಮಳೆಗಾಲದಲ್ಲಿ ಕದ ಹಾಕಲು ಹೆಗಲು ಕೊಟ್ಟು ನೂಕಬೇಕಾಗುತ್ತದೆ. ನಡುಭಾಗ ಎದ್ದು ನಿಂತಿದೆ, ಅಂಚುಗಳು ವರ್ಷಕ್ಕೊಮ್ಮೆ ಏರಿಳಿಯುತ್ತಿವೆ: ಈ ಎರಡರ ನಡುವೆ ಸಿಕ್ಕ ಗೋಡೆಯು ತನ್ನ ಅತ್ಯಂತ ದುರ್ಬಲವಾದ ಸ್ಥಳದಲ್ಲಿ, ಎಂದರೆ ಕಿಟಕಿ ಬಾಗಿಲುಗಳ ಮೂಲೆಯಲ್ಲಿ, ಓರೆಯಾಗಿ ಸೀಳುತ್ತದೆ. ಎರೆಯ ಬಿರುಕನ್ನು ಗುರುತಿಸುವ ಲಕ್ಷಣ ಯಾವುದೆಂದರೆ ಅದರ ಋತುಧರ್ಮ. ಬೇಸಗೆಯ ಕೊನೆಯಲ್ಲಿ ರೂಪಾಯಿ ನಾಣ್ಯ ಹಿಡಿಸುವಷ್ಟು ತೆರೆದಿದ್ದುದು ಮಳೆಗಾಲ ಮುಗಿಯುವ ಹೊತ್ತಿಗೆ ಉಗುರು ಹೋಗದಷ್ಟು ಕೂಡಿಕೊಂಡಿರುತ್ತದೆ. ಅದು ತೆರೆದಿರುವಾಗಲೇ ಸಿಮೆಂಟು ಮೆತ್ತಿ ಗಿಲಾವು ಮಾಡಿಸುವುದು ಎಲ್ಲರ ಪದ್ಧತಿ. ಮೆತ್ತಿದ ಸಿಮೆಂಟು ಬಿರುಕನ್ನು ಮತ್ತೆ ಮುಚ್ಚಗೊಡದ ಕಾರಣ ಗೋಡೆಯು ಮುಂದಿನ ಮಳೆಯಲ್ಲಿ ಅದರ ಪಕ್ಕದಲ್ಲಿಯೇ ಹೊಸದಾಗಿ ಒಡೆಯುವುದು. ಎಲ್ಲಕ್ಕೂ ಮಿಗಿಲಾದ ಅಪಾಯವು ಬಚ್ಚಲಿನದು. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗಿದರೆ ಮನೆಯ ಒಂದೇ ಮೂಲೆಗೆ ವರ್ಷವಿಡೀ ಮಳೆಗಾಲ.

ಇಲ್ಲಿ ಬಡವರಿಗೆ ಅನ್ಯಾಯವೆನ್ನಬಹುದಾದ ಒಂದು ವಿಚಿತ್ರವಿದೆ. ಎರೆಮಣ್ಣು ಹಿಗ್ಗುವಾಗ ಮೇಲಕ್ಕೆ ಒತ್ತುವ ಬಲವು ಚದರ ಮೀಟರಿಗೆ ಇಪ್ಪತ್ತು ಮೂವತ್ತು ಟನ್ನುಗಳವರೆಗೂ ಇರಬಲ್ಲುದು. ಹಲವು ಅಂತಸ್ತಿನ ಭಾರಿ ಕಟ್ಟಡವು ತನ್ನ ತೂಕದಿಂದಲೇ ಅದನ್ನು ಅದುಮಿ ಹಿಡಿದೀತು. ಒಂದಂಕಣದ ಹಗುರವಾದ ಮನೆಗೆ ಆ ಸಾಮರ್ಥ್ಯವಿಲ್ಲ. ಹಿಂದಿನ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇದನ್ನು ತಮ್ಮದೇ ರೀತಿಯಲ್ಲಿ ತಾಳಿಕೊಳ್ಳುತ್ತಿದ್ದವು. ದಪ್ಪನೆಯ ಮಣ್ಣುಗೋಡೆ ತುಸು ಬಾಗುವುದು, ಅಲ್ಲಲ್ಲಿ ಬಿರಿಯುವುದು, ಮನೆಯವರು ಅದನ್ನು ಮತ್ತೆ ಮೆತ್ತಿ ಸಾರಿಸಿ ಸರಿಪಡಿಸುವರು. ಇಟ್ಟಿಗೆ ಸಿಮೆಂಟುಗಳ ತೆಳುಗೋಡೆಗೆ ಬಾಗುವ ವಿದ್ಯೆ ತಿಳಿಯದು. ಹಳೆಯದನ್ನು ಹೊಗಳುವ ಚಪಲದಿಂದ ಈ ಮಾತನ್ನು ಹೇಳುತ್ತಿಲ್ಲ; ಮಣ್ಣಿನ ಮಾಳಿಗೆಯ ಮನೆ ಜಡಿಮಳೆಯಲ್ಲಿ ಕುಸಿದು ಜನ ಸತ್ತ ಸುದ್ದಿಯನ್ನು ನಾವು ವರ್ಷವರ್ಷವೂ ಓದುತ್ತೇವೆ. ಗಟ್ಟಿಯಾದ ಮನೆ ಬೇಕೆನ್ನುವವರು ಅದಕ್ಕೆ ತಕ್ಕ ಬುನಾದಿಯನ್ನೂ ಕೊಡಬೇಕೆಂಬುದಷ್ಟೇ ತಾತ್ಪರ್ಯ.

ಅಂಥ ಬುನಾದಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯವರು 1950ರ ದಶಕದಲ್ಲಿಯೇ ರೂಪಿಸಿಕೊಟ್ಟರು. ನಮ್ಮ ದೇಶದ ಎರೆಯಲ್ಲಿ ಋತುಮಾನದ ಏರಿಳಿತವು ಮೂರು ಮೂರೂವರೆ ಮೀಟರುಗಳ ಕೆಳಗೆ ಬಹುಮಟ್ಟಿಗೆ ನಿಂತುಹೋಗುವುದೆಂಬುದನ್ನು ಆಧಾರವಾಗಿಟ್ಟುಕೊಂಡು, ಅಷ್ಟು ಆಳಕ್ಕೆ ಕೈಬೈರಿಗೆಯಿಂದ ರಂಧ್ರ ಕೊರೆದು, ರಂಧ್ರದ ತಳವನ್ನು ಅದರ ಅಗಲದ ಎರಡೂವರೆ ಪಾಲಿನಷ್ಟು ಅಗಲಿಸಿ, ಕಬ್ಬಿಣದ ಸರಳಿಟ್ಟು ಕಾಂಕ್ರೀಟು ತುಂಬಿದರೆ, ಗಡ್ಡೆಯುಳ್ಳ ಬೇರಿನಂತೆ ಆ ಕಂಬವು ಕದಲದ ನೆಲದಲ್ಲಿ ಕಚ್ಚಿಕೊಂಡು ನಿಲ್ಲುವುದು. ಕಂಬಗಳ ತಲೆಯ ಮೇಲೆ ತೊಲೆ ಹಾಯಿಸಿ ಅದರ ಮೇಲೆ ಗೋಡೆ ಏರಿಸಬೇಕು. ತೊಲೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳ ಸಂದು ಬಿಡಬೇಕು. ಮಣ್ಣಿಗೆ ಹಿಗ್ಗಲು ಬಿಟ್ಟ ಎಡೆ ಅದು. ಆ ಸಂದು ವ್ಯರ್ಥವೆಂದು ಭಾವಿಸಿ ಯಾರಾದರೂ ಅದಕ್ಕೆ ಕಲ್ಲುಮಣ್ಣು ಜಡಿದರೆ ಇಡೀ ಏರ್ಪಾಡು ನಿಷ್ಫಲ. ಮುಂಬಯಿಯ ಐಐಟಿಯಲ್ಲಿದ್ದ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರು ಇನ್ನೊಂದು ದಾರಿ ಹಿಡಿದರು: ಎರೆಯ ಮೇಲೆ ಹಿಗ್ಗದ, ಆದರೆ ಅಂಟುಗುಣವುಳ್ಳ ಮಣ್ಣನ್ನು ಸುಮಾರು ಒಂದು ಮೀಟರು ದಪ್ಪಕ್ಕೆ ಗಟ್ಟಿಸಿದರೆ ಕೆಳಗಿನ ಹಿಗ್ಗು ಅಡಗುವುದೆಂದು ತೋರಿಸಿದರು; ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಇದನ್ನು ಅನ್ವಯಿಸಲಾಯಿತು. ಸುಣ್ಣ ಬೆರೆಸುವ ಉಪಾಯವೂ ಉಂಟು. ಸುಣ್ಣದ ಕ್ಯಾಲ್ಸಿಯಂ ಪದರಗಳ ನಡುವಣ ಸೋಡಿಯಮ್ಮನ್ನು ಹೊರದೂಡಿ ತಾನು ಕೂತರೆ ಪದರಗಳು ಅಷ್ಟಾಗಿ ನೀರು ಕುಡಿಯಲಾರವು.

ಇದು ನಮ್ಮ ನಾಡಿನದೇ ಪೀಡೆಯೆಂದು ತಿಳಿಯಬೇಕಾಗಿಲ್ಲ. ಲಂಡನ್ ನಗರವು ಇಂಥದೇ ಜೇಡಿಯ ಮೇಲೆ ನಿಂತಿದೆ. 1976ರ ಬರಗಾಲದಲ್ಲಿ ಅಲ್ಲಿ ಮರಗಳು ಮನೆಗಳ ಕೆಳಗಣ ತೇವವನ್ನು ಹೀರಿ, ಗೋಡೆಗಳು ಕುಸಿದು, ವಿಮಾ ಕಂಪನಿಗಳ ಬಾಗಿಲಲ್ಲಿ ಜನ ಸಾಲುಗಟ್ಟಿದರು. ಫ್ರಾನ್ಸಿನವರು ಜೇಡಿಯ ಹಿಗ್ಗುಕುಗ್ಗುಗಳನ್ನು ಪ್ರಕೃತಿವಿಕೋಪದ ಪರಿಹಾರದ ಕಾನೂನಿನೊಳಕ್ಕೆ ಸೇರಿಸಿದ್ದಾರೆ. ವಿವೇಕದ ಕೆಲಸ.

ಎರೆಯ ಮಣ್ಣು ತಾಳ್ಮೆಯಿಂದ ಕೆಡಿಸುತ್ತದೆ. ಅದೇ ಜೇಡಿಯ ಕುಲದಲ್ಲಿ ತಾಳ್ಮೆಯೆಂಬುದನ್ನೇ ಅರಿಯದ ಇನ್ನೊಂದು ಬಗೆಯುಂಟು. ನಾರ್ವೆ, ಸ್ವೀಡನ್, ಕೆನಡಗಳ ಕೆಲವು ಕಣಿವೆಗಳಲ್ಲಿ ಶತಮಾನಗಳ ಕಾಲ ಹೊಲಮನೆಗಳನ್ನು ಹೊತ್ತು ನಿಂತ ಈ ಗಟ್ಟಿ ನೆಲವು ಒಮ್ಮೆ ಕದಡಿತೆಂದರೆ ಕೆಲವೇ ನಿಮಿಷಗಳಲ್ಲಿ ದ್ರವವಾಗಿ ಹರಿದುಬಿಡುತ್ತದೆ. ಹಿಮಯುಗದಲ್ಲಿ ಸಾವಿರಾರು ಅಡಿ ದಪ್ಪದ ಮಂಜಿನ ಭಾರಕ್ಕೆ ಆ ಭೂಭಾಗವೇ ಕೆಳಕ್ಕೆ ಕುಸಿದಿತ್ತು. ಮಂಜು ಕರಗಿದಾಗ ಕಡಲು ಒಳನುಗ್ಗಿತು. ಹಿಮನದಿಗಳು ಅರೆದ ಬಂಡೆಯ ಹಿಟ್ಟು ಆ ಉಪ್ಪುನೀರಿನಲ್ಲಿ ಮೆಲ್ಲಮೆಲ್ಲನೆ ತಳಸೇರಿತು. ನೀರಿನ ಉಪ್ಪು ಕಣಗಳನ್ನು ಒಂದಕ್ಕೊಂದು ಆತುಕೊಳ್ಳುವಂತೆ ಮಾಡಿದುದರಿಂದ ಅವು ಅಡ್ಡಾದಿಡ್ಡಿಯಾಗಿ ನಿಂತು, ನಡುವೆ ಬಹಳ ನೀರನ್ನು ಹಿಡಿದಿಟ್ಟುಕೊಂಡ ಒಂದು ಸಡಿಲ ರಚನೆಯಾಯಿತು. ಭಾರ ಇಳಿದ ನೆಲವು ಬಳಿಕ ಮೇಲೇರತೊಡಗಿತು. ಓಸ್ಲೋ ನಗರದ ಸುತ್ತಮುತ್ತ ಇಂದಿನ ಕಡಲಿನ ಮಟ್ಟಕ್ಕಿಂತ ಇನ್ನೂರು ಮೀಟರಿಗೂ ಎತ್ತರದಲ್ಲಿ ಕಡಲಿನ ಮಣ್ಣು ಸಿಗುವುದು. ಮೇಲೆದ್ದ ಮಣ್ಣಿನೊಳಗಿಂದ ಮಳೆನೀರೂ ಅಂತರ್ಜಲವೂ ಸಾವಿರಾರು ವರ್ಷಗಳ ಕಾಲ ಉಪ್ಪನ್ನು ತೊಳೆದವು. ಆತುಕೊಂಡಿರಲು ಕಾರಣವಾದುದು ಹೋಯಿತು, ಆತುಕೊಂಡ ಭಂಗಿ ಮಾತ್ರ ಉಳಿಯಿತು. ಕದಡದೆ ಬಿಟ್ಟರೆ ಅದು ಮನೆಯನ್ನು ಹೊರುವಷ್ಟು ಗಟ್ಟಿ. ಕದಡಿದರೆ ಕಣಗಳು ಕಳಚಿಬಿದ್ದು, ಒಳಗಿದ್ದ ನೀರಿನಲ್ಲಿ ತೇಲತೊಡಗುವುವು.

ನಾರ್ವೆಯ ವಿಜ್ಞಾನಿ ರೋಸೆನ್‌ಕ್ವಿಸ್ಟ್ ಕಳೆದ ಶತಮಾನದ ನಡುಗಾಲದಲ್ಲಿ ಈ ಉಪ್ಪಿನ ರಹಸ್ಯವನ್ನು ಬಿಡಿಸಿದರು. ಪ್ರಯೋಗಶಾಲೆಯಲ್ಲಿ ಇದನ್ನು ತೋರಿಸುವ ಬಗೆ ಕೌತುಕಾವಹವಾದುದು. ನೆಲದಿಂದ ಜೋಪಾನವಾಗಿ ತೆಗೆದ ಈ ಜೇಡಿಯ ಉರುಳೆಯ ಮೇಲೆ ಕೆಲವು ಕಿಲೋಗ್ರಾಮುಗಳ ತೂಕದ ಕಲ್ಲಿಟ್ಟರೂ ಅದು ಜಗ್ಗದೆ ನಿಂತಿರುತ್ತದೆ; ಅದೇ ಜೇಡಿಯನ್ನು ಒಂದು ಹನಿ ನೀರನ್ನೂ ಸೇರಿಸದೆ ಪಾತ್ರೆಯಲ್ಲಿ ಕಲಸಿದರೆ ಧಾರೆಯಾಗಿ ಸುರಿಯಬಹುದು; ಆ ಧಾರೆಗೆ ಒಂದು ಚಿಟಿಕೆ ಉಪ್ಪು ಹಾಕಿ ಕಲಸಿದರೆ ಮತ್ತೆ ಗಟ್ಟಿಯಾಗುತ್ತದೆ. ಎರೆಯಲ್ಲಿ ಸುಣ್ಣ, ಇಲ್ಲಿ ಉಪ್ಪು: ಎರಡು ಕಡೆಯೂ ಮನೆಯ ಅಳಿವು ಉಳಿವುಗಳು ಕಣ್ಣಿಗೆ ಕಾಣದ ಅಯಾನುಗಳ ಕೈಯಲ್ಲಿವೆ.

1978ರ ಏಪ್ರಿಲ್ 29ರಂದು ನಾರ್ವೆಯ ರಿಸ್ಸಾ ಎಂಬಲ್ಲಿ ರೈತನೊಬ್ಬನ ಕೊಟ್ಟಿಗೆಯನ್ನು ವಿಸ್ತರಿಸುವ ಕೆಲಸ ನಡೆದಿತ್ತು. ಅಗೆದ ಮಣ್ಣು ಸುಮಾರು 700 ಘನ ಮೀಟರು. ಅದನ್ನು ಬೋಟ್ನೆನ್ ಸರೋವರದ ದಂಡೆಯಲ್ಲಿ ಸುರಿದರು. ಯಾವ ದೇಶದ ರೈತನಾದರೂ ಮಾಡುವ ಕೆಲಸ. ಆ ಮಣ್ಣಿನ ಭಾರಕ್ಕೆ ದಂಡೆಯ ಒಂದು ತುಣುಕು ಸರೋವರಕ್ಕೆ ಜಾರಿತು. ಜಾರಿದ ಕಡೆಯ ಅಂಚು ಆಧಾರ ತಪ್ಪಿ ಮತ್ತೊಂದು ತುಣುಕಾಗಿ ಜಾರಿತು. ಹೀಗೆ ಅರ್ಧ ಗಂಟೆಗೂ ಮಿಕ್ಕ ಕಾಲ ನೆಲವು ತನ್ನನ್ನು ತಾನು ಮೆಲ್ಲುತ್ತ ಹಿಂದೆ ಸರಿಯಿತು. ಬಳಿಕ, ಇನ್ನೂರು ಮೀಟರಿನಷ್ಟು ವಿಸ್ತಾರದ ಹುಲ್ಲುಗಾವಲು ಒಂದೇ ಹಲಗೆಯಾಗಿ ಕಳಚಿಕೊಂಡು, ಮೇಲಿದ್ದ ಮನೆಗಳನ್ನು ನಿಂತ ನಿಲುವಿನಲ್ಲಿಯೇ ಹೊತ್ತು ಸರೋವರದತ್ತ ಹೊರಟಿತು. ಕೊನೆಗೆ ಹೋದುದು 33 ಹೆಕ್ಟೇರು ನೆಲ. ಏಳು ಹೊಲಮನೆಗಳೂ ಐದು ಬಿಡಿಮನೆಗಳೂ. ಆಗ ಆ ನೆಲದ ಮೇಲಿದ್ದವರು ಸುಮಾರು ನಲವತ್ತು ಮಂದಿ, ಸತ್ತವರು ಒಬ್ಬರು. ಸರೋವರದಲ್ಲೆದ್ದ ಅಲೆಯು ಎದುರುದಡದ ಊರಿಗೂ ಅಪ್ಪಳಿಸಿತು. ದೈವವಶಾತ್ ಹವ್ಯಾಸಿಗಳು ಇದನ್ನು ಚಲನಚಿತ್ರದಲ್ಲಿ ಸೆರೆಹಿಡಿದರು. ಇಂದಿಗೂ ಭೂತಂತ್ರದ ವಿದ್ಯಾರ್ಥಿಗಳಿಗೆ ಅದನ್ನು ತೋರಿಸುವರು. ಮನೆಯೊಂದು ಚಾವಣಿ ಮುಕ್ಕಾಗದೆ ಹೊಲದ ಸಮೇತ ಸಾಗಿಹೋಗುವ ದೃಶ್ಯವನ್ನು ಅದರಲ್ಲಿ ಕಂಡವರಿಗೆ ನೆಲದ ಸ್ಥಿರತೆಯನ್ನು ಕುರಿತ ನಂಬಿಕೆ ಸ್ವಲ್ಪ ಅಲ್ಲಾಡದಿರದು.

ಎಲ್ಲ ಕಡೆಯೂ ಇಷ್ಟು ಅಗ್ಗವಾಗಿ ಮುಗಿಯಲಿಲ್ಲ. ನಾರ್ವೆಯ ವೆರ್ದಾಲದಲ್ಲಿ 1893ರಲ್ಲಿ 116 ಮಂದಿ ಸತ್ತಿದ್ದರು. ಕೆನಡದ ಕ್ವಿಬೆಕ್ ಪ್ರಾಂತದ ಸೇಂಟ್-ಜೀನ್-ವಿಯಾನಿ ಗ್ರಾಮದಲ್ಲಿ 1971ರ ಮೇ 4ರ ರಾತ್ರಿ ನಲವತ್ತರಷ್ಟು ಮನೆಗಳು ಹೋಗಿ 31 ಮಂದಿ ಮಡಿದರು. ಆ ಗ್ರಾಮವು ಶತಮಾನಗಳ ಹಿಂದೆ ಅದೇ ಬಗೆಯಲ್ಲಿ ಜಾರಿದ ನೆಲದ ಗುಳಿಯಲ್ಲಿಯೇ ನೆಲೆಸಿತ್ತೆಂಬುದು ಅನಂತರ ತಿಳಿದುಬಂದಿತು. ರಿಸ್ಸಾದ ಬಳಿಕ ನಾರ್ವೆಯವರು ಇಂಥ ನೆಲವೆಲ್ಲಿದೆಯೆಂದು ನಕ್ಷೆ ಮಾಡತೊಡಗಿದರು; ಆದರೂ 2020ರ ಡಿಸೆಂಬರ್ 30ರ ನಸುಕಿನಲ್ಲಿ ಯೆರ್ದ್ರುಮ್‌ನಲ್ಲಿ, ತೊರೆಯೊಂದು ಇಳಿಜಾರಿನ ಬುಡವನ್ನು ಕೊರೆದುದರಿಂದ ನೆಲ ಜಾರಿ, ಹತ್ತು ಮಂದಿ ಸತ್ತರು. ನಕ್ಷೆ ಇದ್ದಮಾತ್ರಕ್ಕೆ ತೊರೆ ನಿಲ್ಲದು. ಇದಕ್ಕೆ ಪ್ರತಿಯಾಗಿ ಹೇಳತಕ್ಕ ಒಂದು ಸಂಗತಿಯೂ ಉಂಟು. ಕೆನಡದ ಆಂಟೇರಿಯೊ ಪ್ರಾಂತದ ಲೆಮ್ಯೂ ಎಂಬ ಸಣ್ಣ ಊರಿನ ಕೆಳಗೆ ಇದೇ ಜೇಡಿ ಇರುವುದನ್ನು ಪರೀಕ್ಷಿಸಿ ಕಂಡುಕೊಂಡ ಸರಕಾರವು 1989ರಿಂದ 1991ರವರೆಗೆ ಅಲ್ಲಿಯ ಒಕ್ಕಲುಗಳನ್ನೆಲ್ಲ ಬೇರೆಡೆಗೆ ಸಾಗಿಸಿತು. ಹುಟ್ಟಿದ ಊರನ್ನು ಬಿಡುವವರ ಸಂಕಟ ಏನಿತ್ತೋ ಊಹಿಸಬಹುದು. 1993ರ ಜೂನ್ 20ರಂದು ಅದರ ಪಕ್ಕದ 17 ಹೆಕ್ಟೇರು ನೆಲ ನದಿಗೆ ಹರಿದುಹೋಯಿತು. ಮನೆಗಳಲ್ಲಿ ಯಾರೂ ಇರಲಿಲ್ಲ.

ನಮ್ಮ ನಾಡು ಆ ಹಿಮಯುಗದ ಮಂಜಿನಡಿ ಸಿಕ್ಕಿದುದಲ್ಲವಾದ್ದರಿಂದ ಈ ಎರಡನೆಯ ಜೇಡಿಯ ಭಯ ನಮಗಿಲ್ಲ. ಮೊದಲನೆಯದರ ಭಯ ಉಂಟು, ಅದಕ್ಕೆ ಊರು ಬಿಡಬೇಕಾಗಿಲ್ಲ. ಎರೆಯ ಮೇಲೆ ಮನೆ ಕಟ್ಟಿಸಹೊರಟ ಓದುಗರಲ್ಲಿ ನನ್ನದೊಂದು ವಿನಂತಿ: ಕಲ್ಲು ಸಿಮೆಂಟುಗಳ ದರ ವಿಚಾರಿಸುವ ಮೊದಲು ನಿವೇಶನದಲ್ಲಿ ಎರಡು ಮೂರು ಕಡೆ ಆಳುದ್ದದ ಗುಣಿ ತೋಡಿಸಿ, ಎಷ್ಟು ಆಳಕ್ಕೆ ಗರಸು ಸಿಗುವುದೆಂದು ನೋಡಿರಿ, ಮೇಲೆ ವರ್ಣಿಸಿದ ಎರಡು ಕೊಳವೆಗಳ ಪರೀಕ್ಷೆಯನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಾಡಿಸಿರಿ. ಮನೆ ಆಗಲೇ ಕಟ್ಟಿಯಾಗಿದ್ದರೆ ಮಾಳಿಗೆಯ ನೀರೂ ಬಚ್ಚಲ ನೀರೂ ಗೋಡೆಯ ಬುಡದಿಂದ ದೂರ ಹರಿಯುವಂತೆ ಕಾಲುವೆ ಮಾಡಿಸಿ, ಸುತ್ತಲೂ ಒಂದೂವರೆ ಮೀಟರು ಅಗಲಕ್ಕೆ ನೀರಿಳಿಯದ ಹಾಸು ಹಾಕಿಸಿರಿ. ದೊಡ್ಡ ಮರವಾಗುವ ಗಿಡವನ್ನು ಅದು ಬೆಳೆಯುವ ಎತ್ತರದಷ್ಟಾದರೂ ದೂರದಲ್ಲಿ ನೆಡಿಸಿರಿ. ಇವಿಷ್ಟೂ ಆಗಿ ಒಂದು ಮಳೆ, ಒಂದು ಬೇಸಗೆ ಕಳೆದ ಬಳಿಕ ಗೋಡೆಯ ಬಿರುಕಿಗೆ ಗಿಲಾವು ಮಾಡಿಸಬಹುದು.